ಗಂಟೆ ಹಿಡಿದ ಕುಷ್ಠರೋಗಿ: ಎಷ್ಟು ನಿಜ, ಎಷ್ಟು ಕಥೆ?

ಓದುಗರ ಪ್ರಶ್ನೆ: ಮಧ್ಯಯುಗದ ಯುರೋಪಿನಲ್ಲಿ ಕುಷ್ಠರೋಗಿಗಳಿಗೆ ಬದುಕಿರುವಾಗಲೇ ಶವಸಂಸ್ಕಾರ ಮಾಡಿ, ಕೈಗೊಂದು ಗಂಟೆ ಕೊಟ್ಟು ಊರಾಚೆ ಅಟ್ಟುತ್ತಿದ್ದರೆಂದು ಓದಿದ್ದೇನೆ. ಇಂಗ್ಲಿಷ್ ಚಲನಚಿತ್ರವೊಂದರಲ್ಲಿ ಮುಖವಾಡ ತೊಟ್ಟ ಕುಷ್ಠರೋಗಿ ರಾಜನನ್ನೂ ನೋಡಿದೆ. ಇವುಗಳಲ್ಲಿ ನಿಜವೆಷ್ಟು? ಆಗ ಚಿಕಿತ್ಸೆ ಏನಾದರೂ ಇತ್ತೇ? ಔಷಧಿಯಿಲ್ಲದ ಕಾಲದಲ್ಲಿ ಆ ರೋಗ ಯುರೋಪಿನಿಂದ ಮಾಯವಾದದ್ದು ಹೇಗೆ?

ಉತ್ತರ: ರಾಜನಿಂದಲೇ ಆರಂಭಿಸುತ್ತೇನೆ. ಚರ್ಮರೋಗದ ವೈದ್ಯನಾದ ನನಗೆ ಇತಿಹಾಸದಲ್ಲಿ ಇದಕ್ಕಿಂತ ಪ್ರಿಯವಾದ ಪ್ರಸಂಗ ಇನ್ನೊಂದಿಲ್ಲ. ಯುರೋಪಿನ ಕ್ರೈಸ್ತರು ಗೆದ್ದು ಆಳುತ್ತಿದ್ದ ಜೆರುಸಲೇಮಿನ ನಾಲ್ಕನೇ ಬಾಲ್ಡ್ವಿನ್ ಹುಟ್ಟಿದ್ದು 1161ರಲ್ಲಿ. ಹುಡುಗನಿಗೆ ಪಾಠ ಹೇಳುತ್ತಿದ್ದವರು ಟೈರ್ ಪಟ್ಟಣದ ವಿಲಿಯಂ ಎಂಬ ಪಾದ್ರಿ. ಅವರು ಬರೆದಿಟ್ಟಿರುವಂತೆ, ಗೆಳೆಯರೆಲ್ಲ ಆಟದ ಭರದಲ್ಲಿ ಒಬ್ಬರ ಕೈಗೊಬ್ಬರು ಉಗುರಿನಿಂದ ಚಿವುಟುತ್ತಿದ್ದರು. ಉಳಿದ ಹುಡುಗರು ಕಿರುಚಿದರೆ ಬಾಲ್ಡ್ವಿನ್ ಮಾತ್ರ ಸುಮ್ಮನೆ ನಿಲ್ಲುತ್ತಿದ್ದ. ಮೊದಲು ವಿಲಿಯಂ ಇದನ್ನು ಹುಡುಗನ ಸಹನೆ ಎಂದುಕೊಂಡರು. ಪದೇ ಪದೇ ಹಾಗೇ ಆದಾಗ ಕರೆದು ವಿಚಾರಿಸಿದರು. ಬಲಗೈಯ ಅರ್ಧ ಭಾಗಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ.

ಎಂಟುನೂರೈವತ್ತು ವರ್ಷಗಳ ನಂತರ ನಾನು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ರೋಗಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯನ್ನೋ ಪೆನ್ನಿನ ತುದಿಯನ್ನೋ ಮಚ್ಚೆಯ ಮೇಲೆ ತಾಗಿಸಿ, ಎಲ್ಲಿ ಮುಟ್ಟಿದೆ ತೋರಿಸಿ ಎನ್ನುತ್ತೇನೆ. ಬೆರಳು ಬೇರೆಲ್ಲೋ ಹೋದರೆ, ಅಥವಾ ಏಳದೇ ಉಳಿದರೆ, ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ ಎಂದು ಒತ್ತಿ ನೋಡುತ್ತೇನೆ. ಕುಷ್ಠವನ್ನು ಚರ್ಮದ ರೋಗವೆಂದು ಕರೆಯುವುದು ವಾಡಿಕೆ, ಆದರೆ ಅದು ಮುಖ್ಯವಾಗಿ ನರಗಳ ರೋಗ. ಬೆರಳುಗಳು ತಾವಾಗಿ ಉದುರುವುದಿಲ್ಲ. ನೋವು ತಿಳಿಯದ ಕೈ ಸುಡುತ್ತದೆ, ಕೊಯ್ದುಕೊಳ್ಳುತ್ತದೆ, ಗಾಯ ಕೀವಾಗಿ ಮೂಳೆಯವರೆಗೆ ಇಳಿಯುತ್ತದೆ. ವಿಲಿಯಂ ವೈದ್ಯರಲ್ಲ, ಆದರೂ ಅವರು ಬರೆದ ಟಿಪ್ಪಣಿಯನ್ನು ಇಂದಿನ ವೈದ್ಯ ವಿದ್ಯಾರ್ಥಿಗೆ ಹಾಗೆಯೇ ಓದಿಸಬಹುದು.

ಈ ಹುಡುಗ 1174ರಲ್ಲಿ, ಹದಿಮೂರರ ಪ್ರಾಯದಲ್ಲಿ, ಪಟ್ಟಕ್ಕೆ ಬಂದ. 1177ರಲ್ಲಿ ಮೊಂಟ್‌ಗಿಸಾರ್ಡ್ ಕದನದಲ್ಲಿ ಈಜಿಪ್ಟಿನ ಸುಲ್ತಾನ ಸಲಾದೀನನ ಸೈನ್ಯ ಸೋತಾಗ ರಣರಂಗದಲ್ಲಿ ಅವನೂ ಇದ್ದ. ಕೊನೆಕೊನೆಗೆ ಕಣ್ಣು ಹೋಯಿತು, ಕೈಕಾಲು ಸೋತವು, ಪಲ್ಲಕ್ಕಿಯಲ್ಲಿ ಹೊತ್ತುಕೊಂಡು ತಿರುಗಬೇಕಾಯಿತು. ಆದರೂ 1185ರಲ್ಲಿ ಸಾಯುವವರೆಗೆ ಅವನೇ ರಾಜ. ಮುಖವಾಡ ಚಲನಚಿತ್ರದವರ ಕೊಡುಗೆ, ಸಮಕಾಲೀನ ಬರಹಗಳಲ್ಲಿ ಅದರ ಸುಳಿವಿಲ್ಲ. ಮುಖವಾಡಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಕುಷ್ಠರೋಗಿ ಎಂದರೆ ಬದುಕಿರುವ ಹೆಣ ಎಂದು ಆ ಸಮಾಜ ನಿಜಕ್ಕೂ ನಂಬಿದ್ದರೆ, ಅವನ ತಲೆಯ ಮೇಲೆ ಕಿರೀಟ ಹನ್ನೊಂದು ವರ್ಷ ಉಳಿಯುತ್ತಿರಲಿಲ್ಲ. ರಾಜನಾದ್ದರಿಂದ ನಡೆಯಿತು ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಹಾಗಾದರೆ ಬಡವರ ಕಡೆಗೇ ಬರೋಣ.

ಅದಕ್ಕೆ ಮೊದಲು ಪದದ ಗೋಜಲೊಂದನ್ನು ಬಿಡಿಸಬೇಕು. ಹೀಬ್ರೂ ಧರ್ಮಗ್ರಂಥದಲ್ಲಿ ‘ತ್ಸಾರಾತ್’ ಎಂಬ ಅಶುದ್ಧಿಯ ಮಾತಿದೆ. ಅದು ಮೈಗೆ ಮಾತ್ರವಲ್ಲ, ಬಟ್ಟೆಗೂ ಮನೆಯ ಗೋಡೆಗೂ ತಗಲುತ್ತಿತ್ತು, ಅಂದರೆ ಬೂಷ್ಟು ಹಿಡಿದದ್ದೂ ಅದರೊಳಗೇ ಸೇರಿತ್ತು. ಗ್ರೀಕ್ ಅನುವಾದಕರು ಅದನ್ನು ‘ಲೆಪ್ರಾ’ ಎಂದರು. ಗ್ರೀಕ್ ವೈದ್ಯರಿಗೆ ಲೆಪ್ರಾ ಎಂದರೆ ಹೊಟ್ಟು ಉದುರುವ ಚರ್ಮ, ಅಷ್ಟೇ. ಇಂದು ನಾವು ಕುಷ್ಠವೆನ್ನುವ ರೋಗಕ್ಕೆ ಅವರಲ್ಲಿದ್ದ ಹೆಸರೇ ಬೇರೆ. ಹನ್ನೊಂದನೇ ಶತಮಾನದಲ್ಲಿ ಆಫ್ರಿಕಾದ ಕಾನ್‌ಸ್ಟಂಟೈನ್ ಎಂಬಾತ ಇಟಲಿಯ ಮಠವೊಂದರಲ್ಲಿ ಕುಳಿತು ಅರಬ್ಬೀ ವೈದ್ಯಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ಅರಬರು ‘ಜುಜಾಮ್’ ಎನ್ನುತ್ತಿದ್ದ ನಿಜವಾದ ಕುಷ್ಠಕ್ಕೆ ಅವನು ಲೆಪ್ರಾ ಎಂಬ ಪದವನ್ನೇ ಹಾಕಿದ. ಪುರೋಹಿತರ ಮಡಿಮೈಲಿಗೆಯ ಪದವೂ ವೈದ್ಯರ ರೋಗದ ಪದವೂ ಹೀಗೆ ಒಂದೇ ಆಗಿಹೋದವು. ನಮಗೆ ಇದು ಹೊಸದಲ್ಲ. ಆಯುರ್ವೇದದ ‘ಕುಷ್ಠ’ದಲ್ಲಿ ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು ಹದಿನೆಂಟು ಬಗೆಯ ಚರ್ಮರೋಗಗಳು ಸೇರಿವೆ. ತೊನ್ನಿಗೂ ಕುಷ್ಠಕ್ಕೂ ಯಾವ ನಂಟೂ ಇಲ್ಲ. ಆದರೂ ‘ಬಿಳಿ ಕುಷ್ಠ’ ಎಂಬ ಹೆಸರಿಗೆ ಹೆದರಿ ಮಗಳ ಮದುವೆಯ ಚಿಂತೆಯಲ್ಲಿ ಕಣ್ಣೀರು ಹಾಕುವ ತಾಯಂದಿರನ್ನು ಇಂದಿಗೂ ನನ್ನ ಎದುರಿನ ಕುರ್ಚಿಯಲ್ಲಿ ನೋಡುತ್ತೇನೆ.

ಈಗ ಊರಾಚೆಯ ಮಾತು. ಹನ್ನೊಂದರಿಂದ ಹದಿನಾಲ್ಕನೇ ಶತಮಾನದ ನಡುವೆ ಇಂಗ್ಲೆಂಡಿನಲ್ಲೇ ಮುನ್ನೂರಕ್ಕೂ ಹೆಚ್ಚು ಕುಷ್ಠಾಲಯಗಳು ಎದ್ದವು. ಅತಿ ಹಳೆಯವುಗಳಲ್ಲೊಂದು ಕ್ಯಾಂಟರ್‌ಬರಿಯ ಪಕ್ಕದ ಹಾರ್ಬಲ್‌ಡೌನ್. ಅಲ್ಲಿನ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ 1080ರ ದಶಕದಲ್ಲಿ ಗುಡ್ಡದ ಇಳಿಜಾರಿನ ಮೇಲೆ ಮರದ ಮನೆಗಳನ್ನು ಕಟ್ಟಿಸಿ ಇದನ್ನು ಆರಂಭಿಸಿದ. ಇವು ಊರ ಹೊರಗಿದ್ದವು ನಿಜ. ಆದರೆ ಯಾವ ಹೊರಗೆ? ಕಾಡಿನಲ್ಲಲ್ಲ, ಹೆದ್ದಾರಿಯ ಬದಿಯಲ್ಲಿ, ಊರಬಾಗಿಲ ಪಕ್ಕದಲ್ಲಿ, ಸೇತುವೆಯ ತುದಿಯಲ್ಲಿ, ಅಂದರೆ ಸಂತೆಗೂ ಯಾತ್ರೆಗೂ ಹೋಗುವವರು ತಪ್ಪದೆ ಹಾದುಹೋಗುವ ಜಾಗದಲ್ಲಿ. ದಾನ ಸಿಗಬೇಕಿದ್ದರೆ ಕಣ್ಣಿಗೆ ಬೀಳಬೇಕು. ದೇವಸ್ಥಾನದ ಮೆಟ್ಟಿಲ ಮೇಲೆ ಭಿಕ್ಷುಕರು ಎಲ್ಲಿ ಕೂರುತ್ತಾರೆಂದು ನೋಡಿದವರಿಗೆ ಈ ಲೆಕ್ಕ ವಿವರಿಸಬೇಕಿಲ್ಲ.

ಒಳಗಿನ ಬದುಕು ಹೇಗಿತ್ತೆಂದು ತಿಳಿಯಲು ಡರಂ ಬಳಿಯ ಶೆರ್‌ಬರ್ನ್ ಆಸ್ಪತ್ರೆಯ ನಿಯಮಾವಳಿ ನೋಡಬೇಕು. ಬಿಷಪ್ ಹ್ಯೂ ಎಂಬಾತ 1181ರ ಹೊತ್ತಿಗೆ ಅದನ್ನು 65 ಕುಷ್ಠರೋಗಿಗಳಿಗಾಗಿ ಸ್ಥಾಪಿಸಿದ. ಪ್ರತಿಯೊಬ್ಬರಿಗೆ ದಿನಕ್ಕೊಂದು ದೊಡ್ಡ ರೊಟ್ಟಿ, ಒಂದು ಗ್ಯಾಲನ್ ಬಿಯರ್, ವಾರಕ್ಕೆ ಮೂರು ದಿನ ಮಾಂಸ, ಉಳಿದ ನಾಲ್ಕು ದಿನ ಮೀನು ಅಥವಾ ಗಿಣ್ಣು, ಬೆಣ್ಣೆ. ಜೊತೆಗೆ ವರ್ಷಕ್ಕಿಷ್ಟು ಬಟ್ಟೆ. ಬಿಯರ್ ಅಷ್ಟೇಕೆ ಎಂದು ಹುಬ್ಬೇರಿಸಬೇಡಿ, ಅದು ತೆಳುವಾದದ್ದು, ಅಲ್ಲಿನವರ ದಿನನಿತ್ಯದ ಪಾನೀಯ. ಆ ಕಾಲದ ಕೂಲಿಯ ಮನೆಯಲ್ಲಿ ವಾರಕ್ಕೆ ಮೂರು ದಿನ ಮಾಂಸ ಬೇಯುವುದು ಕನಸಿನ ಮಾತು. ಇಂಥ ಮನೆಗಳು ಬಹುಮಟ್ಟಿಗೆ ಮಠಗಳಂತಿದ್ದವು. ಒಳಗಿರುವವರು ಒಬ್ಬರನ್ನೊಬ್ಬರು ಸಹೋದರ, ಸಹೋದರಿ ಎನ್ನಬೇಕು, ದಿನಕ್ಕೆ ಇಷ್ಟು ಪ್ರಾರ್ಥನೆ ಹೇಳಬೇಕು, ದಾನ ಕೊಟ್ಟವರ ಆತ್ಮಕ್ಕೆ ಶಾಂತಿ ಕೋರಬೇಕು. ಸೇರುವಾಗ ಹಣ ಕೇಳುವ ಮನೆಗಳೂ ಇದ್ದವು. ಎಲ್ಲ ರೋಗಿಗಳಿಗೂ ಅಲ್ಲಿ ಜಾಗ ಸಿಗುತ್ತಿರಲಿಲ್ಲ, ಅನೇಕರು ಬೀದಿಯಲ್ಲೋ ತಮ್ಮ ಮನೆಗಳಲ್ಲೋ ಉಳಿದಿದ್ದರು. ಶಿಸ್ತು ಮುರಿದವರಿಗೆ ವಿಧಿಸುತ್ತಿದ್ದ ಅತಿ ಕಠಿಣ ಶಿಕ್ಷೆ ಯಾವುದು ಗೊತ್ತೇ? ಹೊರಗೆ ಹಾಕುವುದು! ಸೆರೆಮನೆಯಲ್ಲಿ ಯಾರೂ ಇಂಥ ಶಿಕ್ಷೆ ಕೊಡುವುದಿಲ್ಲ.

ಯುರೋಪಿನಲ್ಲಿ ಒಟ್ಟು 19,000 ಕುಷ್ಠಾಲಯಗಳಿದ್ದವು ಎಂಬ ಲೆಕ್ಕವನ್ನು ನೀವು ಎಲ್ಲಾದರೂ ಓದಿರಬಹುದು. ಹದಿಮೂರನೇ ಶತಮಾನದ ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಬರೆದದ್ದು ಹಾಸ್ಪಿಟಲರ್ ಎಂಬ ಯೋಧಸಂಘಕ್ಕೆ ಅಷ್ಟು ಜಹಗೀರುಗಳಿವೆ ಎಂದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕೈಯಲ್ಲಿ ಜಹಗೀರುಗಳೆಲ್ಲ ಕುಷ್ಠಾಲಯಗಳಾದವು.

ಇಷ್ಟೊಂದು ದಾನ ಏಕೆ ಹರಿದು ಬಂತು? ಕುಷ್ಠವು ಪಾಪದ ಫಲ, ಕಾಮದ ಫಲ ಎನ್ನುವ ಮಾತು ಅಲ್ಲೂ ಇತ್ತು. ಅದರ ಪಕ್ಕದಲ್ಲೇ ನೇರ ವಿರುದ್ಧವಾದ ನಂಬಿಕೆಯೂ ಇತ್ತು. ಸತ್ತ ಮೇಲೆ ಶುದ್ಧಿಲೋಕದಲ್ಲಿ ಪಡಬೇಕಾದ ಯಾತನೆಯನ್ನು ಇವರು ಇಲ್ಲೇ ಅನುಭವಿಸಿ ಮುಗಿಸುತ್ತಿದ್ದಾರೆ, ಆದ್ದರಿಂದ ಇವರು ದೇವರಿಗೆ ನಮಗಿಂತ ಹತ್ತಿರ, ಇವರ ಪ್ರಾರ್ಥನೆಗೆ ತೂಕ ಹೆಚ್ಚು ಎಂಬುದು ಆ ನಂಬಿಕೆ. ಅವರ ಲ್ಯಾಟಿನ್ ಬೈಬಲ್ಲಿನಲ್ಲಿ ಯೆಶಾಯನ ಪ್ರವಾದನೆಯ ಒಂದು ಸಾಲು ನರಳುವ ರಕ್ಷಕನನ್ನು ‘ಕುಷ್ಠರೋಗಿಯಂತೆ’ ಎಂದೇ ವರ್ಣಿಸುತ್ತದೆ. ಇಂಗ್ಲೆಂಡಿನ ಒಂದನೇ ಹೆನ್ರಿಯ ರಾಣಿ ಮಟಿಲ್ಡಾ ಕುಷ್ಠರೋಗಿಗಳ ಕಾಲು ತೊಳೆದು ಮುತ್ತಿಡುತ್ತಿದ್ದಳು. ಅವಳ ತಮ್ಮ ಡೇವಿಡ್ ಅದನ್ನು ಕಂಡು ಬೆಚ್ಚಿದನೆಂಬ ಕಥೆಯೂ ಉಳಿದಿದೆ. ಒಬ್ಬನೇ ಮನುಷ್ಯನಲ್ಲಿ ಅಸಹ್ಯವೂ ಭಕ್ತಿಯೂ ಒಟ್ಟಿಗೆ ಇರಬಲ್ಲವು. ಇದನ್ನು ಒಪ್ಪದೆ ಮಧ್ಯಯುಗ ಅರ್ಥವಾಗುವುದಿಲ್ಲ.

ಬದುಕಿರುವವರ ಶವಸಂಸ್ಕಾರದ ವಿಚಾರಕ್ಕೆ ಬರುತ್ತೇನೆ. ರೋಗಿಯನ್ನು ಚರ್ಚಿನಲ್ಲಿ ಕಪ್ಪು ಬಟ್ಟೆಯ ಅಡಿ ಮಂಡಿಯೂರಿಸಿ, ಮೇಲೆ ಮಣ್ಣು ಹಾಕಿ, ‘ಲೋಕಕ್ಕೆ ನೀನು ಸತ್ತೆ’ ಎನ್ನುವ ವಿಧಿಯ ಪಠ್ಯಗಳು ಇರುವುದು ಸುಳ್ಳಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಹದಿನೈದನೇ ಶತಮಾನ ಮತ್ತು ಅದರ ನಂತರದವು, ಅಂದರೆ ರೋಗ ಇಳಿಮುಖವಾದ ಮೇಲಿನವು. ಅದು ಎಲ್ಲೆಡೆ ನಡೆಯುತ್ತಿದ್ದ ಸಂಪ್ರದಾಯ ಎಂದು ಹೇಳಲು ಆಧಾರವಿಲ್ಲ. 1179ರ ಮೂರನೇ ಲ್ಯಾಟರನ್ ಧರ್ಮಸಭೆ ರೋಗಿಗಳನ್ನು ಹೊರಗಟ್ಟಿತು ಎಂದು ಹಲವು ಕಡೆ ಬರೆದಿರುತ್ತಾರೆ. ಆ ಸಭೆಯ 23ನೇ ಕಟ್ಟಳೆಯನ್ನು ಓದಿದರೆ ಬೇರೆಯೇ ಕಾಣುತ್ತದೆ. ಒಟ್ಟಾಗಿ ಬಾಳುವ ಕುಷ್ಠರೋಗಿಗಳಿಗೆ ಸ್ವಂತ ಚರ್ಚು, ಸ್ವಂತ ಪಾದ್ರಿ, ಸ್ವಂತ ಸ್ಮಶಾನ ಇರಬಾರದೆಂದು ಅಡ್ಡಿಪಡಿಸುವ ಪಾದ್ರಿಗಳನ್ನು ಅದು ಗದರಿಸುತ್ತದೆ. ಅವರ ತೋಟದ ಮತ್ತು ದನಕರುಗಳ ಮೇಲೆ ಚರ್ಚಿನ ತೆರಿಗೆ ವಸೂಲು ಮಾಡಬಾರದು ಎಂದೂ ಹೇಳುತ್ತದೆ. ಗಂಟೆ, ಮರದ ಚಿಟಿಕೆಗಳ ಮಾತೂ ಹೀಗೆಯೇ. ಅವು ‘ದೂರ ಸರಿ’ ಎಂದಷ್ಟೇ ಅಲ್ಲ, ‘ಇಲ್ಲಿದ್ದೇನೆ, ಭಿಕ್ಷೆ ಹಾಕು’ ಎಂದೂ ಹೇಳುತ್ತಿದ್ದವು. ಗಂಟಲಿಗೆ ರೋಗ ಇಳಿದು ಧ್ವನಿ ಕುಂದಿದವರು ಕೂಗುವುದಾದರೂ ಹೇಗೆ?

ಮದುವೆಯ ವಿಷಯದಲ್ಲಂತೂ ನಾವು ನಾಚಬೇಕು. ಹನ್ನೆರಡನೇ ಶತಮಾನದ ಪೋಪ್ ಮೂರನೇ ಅಲೆಕ್ಸಾಂಡರ್, ಕುಷ್ಠ ಬಂತೆಂದು ಮದುವೆ ಮುರಿಯುವಂತಿಲ್ಲ, ಗಂಡನಾಗಲಿ ಹೆಂಡತಿಯಾಗಲಿ ಪ್ರೀತಿಯಿಂದ ಜೊತೆಗಿದ್ದು ಆರೈಕೆ ಮಾಡಲಿ ಎಂದು ಬರೆದ. ಅದನ್ನು ಎಷ್ಟು ಜನ ಪಾಲಿಸಿದರೋ ಬೇರೆ ಮಾತು, ಚರ್ಚಿನ ಕಾನೂನಂತೂ ಅದೇ ಆಗಿತ್ತು. ಭಾರತದಲ್ಲಿ ವಿಚ್ಛೇದನಕ್ಕೆ ಕುಷ್ಠರೋಗ ಕಾರಣವಾಗಬಹುದು ಎಂಬ ಅಂಶವನ್ನು ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ.

ಯಾರಿಗೆ ರೋಗವಿದೆ ಎಂದು ನಿರ್ಧರಿಸುತ್ತಿದ್ದವರು ಯಾರು? ಮೊದಮೊದಲು ಪಾದ್ರಿಗಳು, ನೆರೆಹೊರೆಯವರು, ಕುಷ್ಠಾಲಯದ ಹಿರಿಯ ರೋಗಿಗಳು. ಹದಿನಾಲ್ಕನೇ ಶತಮಾನದ ಹೊತ್ತಿಗೆ ಈ ಕೆಲಸ ವೈದ್ಯರ ಕೈಗೂ ಬಂತು. ಗಿ ದ ಶೋಲಿಯಾಕ್ ಎಂಬ ಫ್ರೆಂಚ್ ಶಸ್ತ್ರವೈದ್ಯ 1363ರಲ್ಲಿ ಮುಗಿಸಿದ ಗ್ರಂಥದಲ್ಲಿ ಈ ಪರೀಕ್ಷೆಯ ಕ್ರಮ ವಿವರವಾಗಿದೆ. ಮೊದಲು ದೇವರನ್ನು ನೆನೆಯಬೇಕು, ರೋಗಿಗೆ ಸಮಾಧಾನ ಹೇಳಬೇಕು, ನಿಜ ಹೇಳುವೆನೆಂದು ಅವನಿಂದ ಪ್ರಮಾಣ ಮಾಡಿಸಬೇಕು. ಆಮೇಲೆ ಲಕ್ಷಣಗಳನ್ನು ಎರಡಾಗಿ ವಿಂಗಡಿಸಬೇಕು. ಹುಬ್ಬು ಉದುರುವುದು, ಮೂಗಿನ ಹೊಳ್ಳೆ ಹೊರಗೆ ಅಗಲವಾಗಿ ಒಳಗೆ ಕಿರಿದಾಗುವುದು, ಕರ್ಕಶವಾದ ಮೂಗಿನ ಧ್ವನಿ, ದುರ್ಗಂಧದ ಉಸಿರು, ನೆಟ್ಟ ನೋಟ ಇವು ಖಚಿತ ಲಕ್ಷಣಗಳು. ಉಳಿದವು ಬೇರೆ ರೋಗದಲ್ಲೂ ಬರಬಹುದಾದವು. ಎರಡನೇ ಗುಂಪಿನವು ಮಾತ್ರ ಇದ್ದರೆ ತೀರ್ಪು ಕೊಡದೆ, ಪಥ್ಯ ಹೇಳಿ, ಗುಟ್ಟಾಗಿ ಎಚ್ಚರಿಸಿ ಕಳಿಸಬೇಕು. ಈ ಕೊನೆಯ ಸಾಲನ್ನು ಓದಿದಾಗ ಆ ವೈದ್ಯನ ಮೇಲೆ ಗೌರವ ಹುಟ್ಟುತ್ತದೆ. ತಪ್ಪು ತೀರ್ಪಿನಿಂದ ಒಂದು ಬದುಕೇ ಹಾಳಾಗುತ್ತದೆ ಎಂಬ ಅರಿವು ಅವನಿಗಿತ್ತು. ರಕ್ತವನ್ನು ಬಟ್ಟೆಯಲ್ಲಿ ತೊಳೆದು ಮರಳಿನಂಥ ಕಣ ಹುಡುಕುವಂಥ ಕೆಲಸಕ್ಕೆ ಬಾರದ ಪರೀಕ್ಷೆಗಳೂ ಆಗ ಇದ್ದವು. ಜೊತೆಗೆ ಧ್ವನಿ ತಿಳಿಯಲು ಹಾಡಿಸಿ ನೋಡುವುದು, ಕಣ್ಣು ಮುಚ್ಚಿಸಿ ಸೂಜಿ ಚುಚ್ಚುವುದು ಮುಂತಾದ ಅರ್ಥಪೂರ್ಣ ಪರೀಕ್ಷೆಗಳೂ ಇದ್ದವು.

ಇಂಗ್ಲೆಂಡಿನ ಬ್ರೆಂಟ್‌ವುಡ್ ಎಂಬ ಊರಿನ ಜೊವಾನಾ ನೈಟಿಂಗೇಲ್ ಎಂಬ ಹೆಂಗಸಿನ ಮೇಲೆ ನೆರೆಯವರು ಕುಷ್ಠದ ದೂರು ಹೊರಿಸಿದರು. ಪ್ರಕರಣ ರಾಜನ ನ್ಯಾಯಾಲಯಕ್ಕೆ ಹೋಯಿತು. 1468ರಲ್ಲಿ ರಾಜವೈದ್ಯರು ಕುಳಿತು ಒಂದೊಂದೇ ಲಕ್ಷಣವನ್ನು ಪರಿಶೀಲಿಸಿ, ಈಕೆಗೆ ಆ ರೋಗವಿಲ್ಲ ಎಂದು ಬರೆದುಕೊಟ್ಟರು. ಆ ಪ್ರಮಾಣಪತ್ರ ಇಂದಿಗೂ ಸಿಗುತ್ತದೆ. ಮಧ್ಯಯುಗದವರು ಕಂಡ ಕಜ್ಜಿ ತುರಿಯನ್ನೆಲ್ಲ ಕುಷ್ಠವೆಂದುಕೊಂಡರು ಎಂಬ ವಾದಕ್ಕೆ ಮೂಳೆಗಳೂ ಉತ್ತರ ಕೊಟ್ಟಿವೆ. ಡೆನ್ಮಾರ್ಕಿನ ನೆಸ್ಟ್ವೆಡ್‌ನಲ್ಲಿ ವೈದ್ಯ ಮೊಲ್ಲರ್ ಕ್ರಿಸ್ಟೆನ್‌ಸೆನ್ 1948ರಿಂದ ಕುಷ್ಠಾಲಯದ ಸ್ಮಶಾನವನ್ನು ಅಗೆಸಿದರು. ಮೂಗಿನ ಬುಡದ ಮೂಳೆ ಕರಗಿ, ಮೇಲ್ದವಡೆಯ ಮುಂದಿನ ಹಲ್ಲುಗಳ ಸುತ್ತ ಸವೆದಿರುವ ತಲೆಬುರುಡೆಗಳು ಒಂದರ ಹಿಂದೊಂದು ಸಿಕ್ಕವು. ಇಂಗ್ಲೆಂಡಿನ ವಿಂಚೆಸ್ಟರಿನ ಕುಷ್ಠಾಲಯದ ಸ್ಮಶಾನದಲ್ಲೂ ಬಹುಪಾಲು ಅಸ್ಥಿಪಂಜರಗಳಲ್ಲಿ ರೋಗದ ಗುರುತಿತ್ತು. ಅಲ್ಲಿನ ಒಬ್ಬ ತರುಣನ ಗೋರಿಯಲ್ಲಿ ಚಿಪ್ಪೊಂದು ದೊರೆಯಿತು. ಸ್ಪೇನಿನ ಸಾಂಟಿಯಾಗೊ ಯಾತ್ರೆ ಮುಗಿಸಿದವರು ಧರಿಸುವ ಚಿಪ್ಪು ಅದು. ಆ ಹುಡುಗ ಸಮುದ್ರ ದಾಟಿ ಯಾತ್ರೆ ಮಾಡಿದ್ದ, ಸತ್ತಾಗ ಅದನ್ನು ಯಾರೋ ನೆನಪಿಟ್ಟು ಅವನೊಡನೆ ಇಟ್ಟಿದ್ದರು.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ರೋಗ ವಾಸಿಮಾಡುವ ಚಿಕಿತ್ಸೆ ಇರಲಿಲ್ಲ. ಕಪ್ಪು ಪಿತ್ತ ಕೆಟ್ಟು ರೋಗ ಬರುತ್ತದೆಂಬ ಲೆಕ್ಕದಲ್ಲಿ ರಕ್ತ ಹೊರಬಿಡುತ್ತಿದ್ದರು, ಭೇದಿ ಮಾಡಿಸುತ್ತಿದ್ದರು, ಗಿಡಮೂಲಿಕೆಯ ಸ್ನಾನ ಮಾಡಿಸುತ್ತಿದ್ದರು, ಪಾದರಸದ ಮುಲಾಮು ಹಚ್ಚುತ್ತಿದ್ದರು. ಹಾವು ಪೊರೆ ಕಳಚಿ ಹೊಸ ಚರ್ಮ ಪಡೆಯುತ್ತದಲ್ಲ, ಆದ್ದರಿಂದ ಹಾವಿನ ಮಾಂಸ ತಿನ್ನಿಸುತ್ತಿದ್ದರು. ಹಾವಿಗೂ ಚರ್ಮರೋಗಕ್ಕೂ ನಂಟು ಕಟ್ಟಿದವರು ಕುಕ್ಕೆಗೆ ಹರಕೆ ಹೊರುವ ನಾವು ಮಾತ್ರವಲ್ಲ. ತುಸು ಗುಣವಿದ್ದ ಎಣ್ಣೆಯೊಂದು ಇದ್ದದ್ದು ನಮ್ಮ ಕಡೆ. ಸುಶ್ರುತ ಸಂಹಿತೆ ಹೇಳುವ ತುವರಕ, ಪಶ್ಚಿಮ ಘಟ್ಟದ ಗರುಡಫಲದ ಬೀಜದ ಎಣ್ಣೆ. ಆ ಜಾತಿಯ ಎಣ್ಣೆ ಪಾಶ್ಚಾತ್ಯ ವೈದ್ಯರ ಕೈಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ನಿಜವಾದ ಮದ್ದು 1940ರ ದಶಕದಲ್ಲಿ ಸಿಕ್ಕಿತು, ಇಂದಿನ ಬಹುಔಷಧ ಚಿಕಿತ್ಸೆ 1982ರಿಂದ ಜಾರಿಗೆ ಬಂತು. ಹಾಗಿದ್ದರೂ, ಹೊಟ್ಟೆ ತುಂಬ ಊಟ, ತೊಳೆದ ಬಟ್ಟೆ, ಗಾಯ ತೊಳೆಯಲು ನೀರು, ದುಡಿಯದೆ ಕೂರಲು ಒಂದು ಸೂರು, ಇವು ಸ್ಪರ್ಶ ಕಳೆದುಕೊಂಡ ಕೈಕಾಲಿಗೆ ಆಗ ಸಿಗಬಹುದಾಗಿದ್ದ ಅತ್ಯುತ್ತಮ ಆರೈಕೆ. ಆ ಕಾಲದ ವೈದ್ಯನಿಗಿಂತ ಶೆರ್‌ಬರ್ನಿನ ಅಡುಗೆಯವನೇ ಹೆಚ್ಚು ಉಪಕಾರ ಮಾಡಿದ ಎಂಬುದು ನನ್ನ ಅಭಿಪ್ರಾಯ.

ಇಷ್ಟು ಹೇಳಿದೆನೆಂದು ಮಧ್ಯಯುಗಕ್ಕೆ ಬೆಣ್ಣೆ ಹಚ್ಚುತ್ತಿದ್ದೇನೆ ಎಂದುಕೊಳ್ಳಬೇಡಿ. ಇಟಲಿಯನ್ನು ಆಳಿದ ಲೊಂಬಾರ್ಡರ ರಾಜ ರೊಥಾರಿ 643ರಷ್ಟು ಹಿಂದೆಯೇ, ಊರಿನಿಂದ ಹೊರಹಾಕಿದ ಕುಷ್ಠರೋಗಿ ಆಸ್ತಿಯ ಮಟ್ಟಿಗೆ ಸತ್ತಂತೆ ಎಂದು ಕಾನೂನು ಮಾಡಿದ್ದ. 1321ರಲ್ಲಿ ಫ್ರಾನ್ಸಿನಲ್ಲಿ ನಡೆದದ್ದು ಅದಕ್ಕಿಂತ ಘೋರ. ಬರಗಾಲದ ಏಟಿನಿಂದ ನಾಡು ಇನ್ನೂ ಚೇತರಿಸಿಕೊಂಡಿರಲಿಲ್ಲ. ಕುಷ್ಠರೋಗಿಗಳು ಬಾವಿಗಳಿಗೆ ವಿಷ ಹಾಕಿ ಆರೋಗ್ಯವಂತರನ್ನೆಲ್ಲ ಕೊಲ್ಲಲು ಸಂಚು ಹೂಡಿದ್ದಾರೆಂಬ ಸುದ್ದಿ ದಕ್ಷಿಣ ಭಾಗದಲ್ಲಿ ಹಬ್ಬಿತು. ಚಿತ್ರಹಿಂಸೆ ಕೊಟ್ಟರೆ ಯಾರು ತಾನೇ ತಪ್ಪೊಪ್ಪಿಕೊಳ್ಳುವುದಿಲ್ಲ? ರಾಜ ಐದನೇ ಫಿಲಿಪ್ ಬಂಧನದ ಆಜ್ಞೆ ಹೊರಡಿಸಿದ, ಎಷ್ಟೋ ಮಂದಿಯನ್ನು ಸುಟ್ಟರು, ಸಂಚಿನ ಹಿಂದೆ ಯೆಹೂದಿಗಳಿದ್ದಾರೆಂದು ಅವರನ್ನೂ ಸುಟ್ಟರು. ದಾನದಿಂದ ಬೆಳೆದಿದ್ದ ಕುಷ್ಠಾಲಯಗಳ ಆಸ್ತಿಯ ಮೇಲೆ ಹಲವರ ಕಣ್ಣಿತ್ತು ಎಂಬುದನ್ನು ಮರೆಯಬಾರದು. 1346ರಲ್ಲಿ ಇಂಗ್ಲೆಂಡಿನ ಮೂರನೇ ಎಡ್ವರ್ಡ್, ಹದಿನೈದು ದಿನದೊಳಗೆ ಕುಷ್ಠರೋಗಿಗಳು ಲಂಡನ್ ಬಿಡಬೇಕೆಂದ. 1375ರಲ್ಲಿ ನಗರದ ಬಾಗಿಲು ಕಾಯುವವರಿಂದ, ಅವರನ್ನು ಒಳಗೆ ಬಿಡುವುದಿಲ್ಲವೆಂದು ಮತ್ತೆ ಪ್ರಮಾಣ ಮಾಡಿಸಬೇಕಾಯಿತು. ಮೊದಲ ಆಜ್ಞೆ ಎಷ್ಟು ಜಾರಿಯಾಗಿತ್ತೆಂದು ಇದರಿಂದಲೇ ಊಹಿಸಬಹುದು.

ಹಾಗಾದರೆ ನಿಮ್ಮ ತಲೆಯಲ್ಲಿರುವ ಆ ಗಂಟೆ ಹಿಡಿದ ಚಿತ್ರ ಅಷ್ಟು ಗಟ್ಟಿಯಾಗಿ ಎಲ್ಲಿಂದ ಬಂತು? ಬಹುಪಾಲು ಹತ್ತೊಂಬತ್ತನೇ ಶತಮಾನದಿಂದ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ರೋಗಾಣುವನ್ನು ಕಂಡುಹಿಡಿದ. 1889ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ರೋಗಿಗಳ ಸೇವೆಗೆ ನಿಂತಿದ್ದ ಪಾದ್ರಿ ಡೇಮಿಯನ್ ಅದೇ ರೋಗದಿಂದ ಸತ್ತಾಗ ಯುರೋಪಿಗೆ ದಿಗಿಲು ಹತ್ತಿತು. ವಸಾಹತುಗಳಿಂದ ರೋಗ ಮರಳಿ ಬರುತ್ತದೆಂದು ಹೆದರಿದವರಿಗೆ ಒಂದು ಮೇಲ್ಪಂಕ್ತಿ ಬೇಕಿತ್ತು. ನಮ್ಮ ಪೂರ್ವಿಕರು ಕಟ್ಟುನಿಟ್ಟಾಗಿ ಬೇರೆ ಇಟ್ಟಿದ್ದರಿಂದಲೇ ರೋಗ ಅಳಿಯಿತು, ನಾವೂ ಹಾಗೇ ಮಾಡೋಣ ಎಂದರು. ಭಾರತಕ್ಕೆ ಬಂದ ಆಯೋಗವೊಂದು ಸೋಂಕಿನ ಭಯ ಅತಿಯಾದದ್ದು, ಬಲವಂತದ ಪ್ರತ್ಯೇಕತೆ ಬೇಡ ಎಂದಿತ್ತು. ಆದರೂ ಬಡ ರೋಗಿಗಳನ್ನು ಹಿಡಿದು ಕೂಡಿಹಾಕುವ ಕಾಯ್ದೆ 1898ರಲ್ಲಿ ಬಂದೇ ಬಂತು. ಅದನ್ನು ರದ್ದು ಮಾಡಿದ್ದು 2016ರಲ್ಲಿ.

ಕೊನೆಯ ಪ್ರಶ್ನೆ, ರೋಗ ಹೋದದ್ದು ಹೇಗೆ. ಬೇರೆ ಇಟ್ಟದ್ದರಿಂದಲೇ ಹೋಯಿತೆಂಬುದನ್ನು ವೈದ್ಯನಾಗಿ ನಾನು ಒಪ್ಪಲಾರೆ. ಸೋಂಕು ತಗಲಿ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ಹಿಡಿಯುತ್ತದೆ. ಕುಷ್ಠಾಲಯದ ಬಾಗಿಲು ತಲುಪುವ ಹೊತ್ತಿಗೆ ರೋಗಿ ಹಂಚುವಷ್ಟು ಸೋಂಕನ್ನು ಹಂಚಿ ಆಗಿರುತ್ತಿತ್ತು. ರೋಗಾಣು ದುರ್ಬಲವಾಯಿತೇ? ಅದೂ ಅಲ್ಲ. ಮಧ್ಯಯುಗದ ಮೂಳೆ, ಹಲ್ಲುಗಳಿಂದ ತೆಗೆದ ರೋಗಾಣುವಿನ ಸಂಪೂರ್ಣ ವಂಶವಾಹಿ ನಕ್ಷೆ 2013ರಲ್ಲಿ ಪ್ರಕಟವಾಯಿತು, ಇಂದಿನದಕ್ಕೂ ಅದಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಬದಲಾದವರು ಮನುಷ್ಯರು. ರೋಗಕ್ಕೆ ಸುಲಭವಾಗಿ ತುತ್ತಾಗುವ ಗುಣವುಳ್ಳವರು ಪೀಳಿಗೆಯಿಂದ ಪೀಳಿಗೆಗೆ ಕಡಿಮೆಯಾಗಿರಬಹುದು. 1348ರ ಮಹಾಪ್ಲೇಗು ದುರ್ಬಲರನ್ನು ಮೊದಲು ಕೊಂಡೊಯ್ದಿರಬಹುದು, ಉಳಿದವರ ಊಟ, ವಸತಿ ಆಮೇಲೆ ಸುಧಾರಿಸಿತು. ನಗರಗಳಲ್ಲಿ ಹೆಚ್ಚಿದ ಕ್ಷಯದಿಂದ ಕುಷ್ಠದ ವಿರುದ್ಧವೂ ಸ್ವಲ್ಪ ರಕ್ಷಣೆ ಸಿಕ್ಕಿರಬಹುದು. ಕ್ಷಯದ ಬಿಸಿಜಿ ಲಸಿಕೆ ಇಂದಿಗೂ ಕುಷ್ಠವನ್ನು ಒಂದು ಮಟ್ಟಿಗೆ ತಡೆಯುತ್ತದೆ, ಆದ್ದರಿಂದ ಈ ಊಹೆ ಬರೀ ಗಾಳಿಯದ್ದಲ್ಲ. ಇವೆಲ್ಲ ಸೇರಿ ಕೆಲಸ ಮಾಡಿರಬೇಕು. ಅಂತೂ 1434ರಲ್ಲಿ ಶೆರ್‌ಬರ್ನ್ ಆಸ್ಪತ್ರೆಗೆ ಹೊಸ ನಿಯಮ ಬರೆದಾಗ, ಹದಿಮೂರು ಬಡವರಿಗೆ ಜಾಗ ಕೊಟ್ಟು, ಜೊತೆಗೆ ಇಬ್ಬರು ಕುಷ್ಠರೋಗಿಗಳು ಇರಲಿ, ‘ಈ ಸೀಮೆಯಲ್ಲಿ ಸಿಕ್ಕರೆ’ ಎಂದು ಸೇರಿಸಿದರು. ಅರವತ್ತೈದು ಜನರಿದ್ದ ಜಾಗವದು.

ಪೂರ್ತಿ ಮಾಯವಾಯಿತೇ ಎಂದರೆ, ಬ್ರಿಟನ್ನಿನ ಮನುಷ್ಯರಿಂದ ಮಾತ್ರ. ದಕ್ಷಿಣ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದ ಕೆಂಪು ಅಳಿಲುಗಳಲ್ಲಿ 2016ರಲ್ಲಿ ಇದೇ ರೋಗಾಣು ಪತ್ತೆಯಾಯಿತು. ಅದು ವಿಂಚೆಸ್ಟರಿನ ಸ್ಮಶಾನದಲ್ಲಿ ದೊರೆತ ಮಧ್ಯಯುಗದ ತಳಿಗೆ ಹತ್ತಿರದ ಸಂಬಂಧಿ. ಆ ಕಾಲದ ವಿಂಚೆಸ್ಟರಿನಲ್ಲಿ ಅಳಿಲಿನ ತುಪ್ಪಳದಿಂದ ಉಡುಪಿಗೆ ಅಂಚು ಹಾಕುತ್ತಿದ್ದರು, ಅಳಿಲುಗಳನ್ನು ಸಾಕುತ್ತಲೂ ಇದ್ದರು. ಅಲ್ಲಿ ಸಿಕ್ಕ ಅಳಿಲಿನ ಮೂಳೆಯಲ್ಲೂ ರೋಗಾಣುವಿತ್ತೆಂದು 2024ರಲ್ಲಿ ಸಂಶೋಧಕರು ಹೇಳಿದ್ದಾರೆ. ಯಾರಿಂದ ಯಾರಿಗೆ ಹೋಯಿತು, ಮನುಷ್ಯರಿಂದ ಅಳಿಲಿಗೋ ಅಳಿಲಿನಿಂದ ಮನುಷ್ಯರಿಗೋ, ಎಂಬ ಚರ್ಚೆ ಈಗಷ್ಟೇ ಶುರುವಾಗಿದೆ.